ಮುಖ ನೋಡಿ ಮಣೆ ಮಾಡಬೇಡಿ

ಈ ಸಲದ ರಾಜ್ಯೋತ್ಸವದ ಸ್ಟಾಲ್‌ಗೆ ಕೀಚೈನು, ಸ್ಟಿಕ್ಕರು ಬೇಡ, ನಾವೇ ಮಾಡಿದ ಕಟಿಂಗ್ ಬೋರ್ಡ್ ಇಡೋಣ ಅಂತ ಸಂಘದ ಮೀಟಿಂಗಲ್ಲಿ ತೀರ್ಮಾನ ಆಯ್ತಲ್ಲ, ಅದರ ಬಗ್ಗೆ ನಾಲ್ಕು ಮಾತು. ಮರ ಬಂದಿದೆ. ಗಿಟಾರ್ ಮಾಡುವವರೊಬ್ಬರ ಹತ್ತಿರ ಉಳಿದಿದ್ದ ಮೇಪಲ್ ಪಟ್ಟಿಗಳು, ಎರಡು ಕಟ್ಟು. ಒಂದೊಂದು ಪಟ್ಟಿ ಸುಮಾರು 40 ಮಿ.ಮೀ. ಅಗಲ, 25 ಮಿ.ಮೀ. ದಪ್ಪ, 400 ಮಿ.ಮೀ. ಉದ್ದ. ಕಟ್ಟು ಬಿಚ್ಚಿದ ಕೂಡಲೇ ವರ್ಕ್‌ಶಾಪಿಗೆ ಬಂದವರೆಲ್ಲ ಮಾಡೋದು ಒಂದೇ ಕೆಲಸ. ಪಟ್ಟಿಯನ್ನ ಟ್ಯೂಬ್‌ಲೈಟ್ ಕಡೆ ಹಿಡಿದು, ಯಾವುದು ಹಾಲಿನ ಥರ ಬೆಳ್ಳಗಿದೆ, ಯಾವುದರಲ್ಲಿ ಅಲೆ ಅಲೆ ಡಿಸೈನ್ ಇದೆ ನೋಡಿ, "ಇದು ನಂದು" ಅಂತ ಪಕ್ಕಕ್ಕೆ ಇಟ್ಕೊಳ್ಳೋದು.

ಇದಕ್ಕೆ ಶನಿವಾರ ಶನಿವಾರ ವರ್ಕ್‌ಶಾಪಲ್ಲಿ ಕೂರುವ ನಮ್ಮ ನಾಲ್ವರದ್ದೂ ವಿರೋಧ ಇದೆ. ಮುಖ ನೋಡಿ ಮಣೆ ಹಾಕೋದು ಅಂತ ಗಾದೆಮಾತು ಇದೆ. ಇಲ್ಲಿ ಮುಖ ನೋಡಿ ಮಣೆ ಮಾಡ್ತಾ ಇದ್ದೀವಿ. ಹಲಗೆಯ ಅಗಲ ಮೈಗೆ ಇಂಗ್ಲಿಷಲ್ಲೂ ಫೇಸ್ ಅಂತಾನೇ ಹೆಸರು, ಹಾಗಾಗಿ ಗಾದೆ ಸರಿಯಾಗಿ ಕೂತಿದೆ. ನಮ್ಮ ವಾದ ಇಷ್ಟೇ: ಪಟ್ಟಿ ಆರಿಸುವಾಗ ಮೊದಲು ನೋಡಬೇಕಾದ್ದು ಅದರ ತುದಿ. ಮುಖ ಕೊನೆಗೆ. ಇದು ಬರೀ ರುಚಿಯ ಪ್ರಶ್ನೆ ಆಗಿದ್ರೆ ಬರೀತಾನೇ ಇರಲಿಲ್ಲ. ಈ ಬೋರ್ಡನ್ನ ನಾವು ದುಡ್ಡಿಗೆ ಮಾರ್ತೀವಿ. ಅದು ಯಾರದೋ ಅಡುಗೆಮನೆಗೆ ಹೋಗುತ್ತೆ. ಮಾರ್ಚಲ್ಲಿ ಗೋಂದಿನ ಗೆರೆ ಬಿಟ್ಕೊಂಡ್ರೆ, ಆ ಸಂದಿಯಲ್ಲಿ ಟೊಮೆಟೊ ರಸ, ಮೀನಿನ ನೀರು ಕೂರುತ್ತೆ. ಅದನ್ನ ಯಾವ ಸೋಪೂ ಒಳಗೆ ಹೋಗಿ ತೊಳೆಯಲ್ಲ.

ಮೊದಲು, ಮೇಪಲ್ಲೇ ಯಾಕೆ ಅಂತ. ಅಮೆರಿಕದ ಎಫ್‌ಡಿಎ ಹೋಟೆಲು, ಅಂಗಡಿಗಳಿಗಾಗಿ ಪ್ರಕಟಿಸುವ ಫುಡ್ ಕೋಡ್‌ನಲ್ಲಿ ಆಹಾರ ತಾಗುವ ಮೇಲ್ಮೈಗೆ ಸಾಮಾನ್ಯವಾಗಿ ಮರ ಬೇಡ ಅಂತ ನಿಯಮ ಇದೆ. ಆದರೆ ಕಟಿಂಗ್ ಬೋರ್ಡಿಗೆ, ಮಾಂಸ ಕಡಿಯುವ ಕೊರಡಿಗೆ, ಬೇಕರಿ ಟೇಬಲ್ಲಿಗೆ ವಿನಾಯಿತಿ. ಆ ವಿನಾಯಿತಿಯಲ್ಲಿ ಹೆಸರು ಹಿಡಿದು ಹೇಳಿರೋ ಮರ ಹಾರ್ಡ್ ಮೇಪಲ್ ಒಂದೇ. ಅದರ ಜೊತೆಗೆ "ಅಥವಾ ಅಷ್ಟೇ ಗಟ್ಟಿಯಾದ, ಒತ್ತಾದ ಎಳೆಯ ಮರ" ಅನ್ನೋ ಅರ್ಥದ ಮಾತೂ ಇದೆ. ಆ "ಅಥವಾ"ಗೆ ಆಮೇಲೆ ಬರ್ತೀವಿ. ಒತ್ತಾದ ಎಳೆ ಅಂದ್ರೆ ಏನು ಅಂತ ಗೊತ್ತಾಗಬೇಕಾದ್ರೆ ಓಕ್ ಮರದ ಜೊತೆ ಹೋಲಿಸಿ. ಓಕ್‌ನಲ್ಲಿ ವಸಂತದಲ್ಲಿ ಬೆಳೆದ ಭಾಗದ ರಂಧ್ರಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, ಸಾಲಾಗಿ ಇರ್ತವೆ. ಮೇಪಲ್‌ನಲ್ಲಿ ರಂಧ್ರಗಳು ತೀರಾ ಸಣ್ಣವು, ಉಂಗುರದ ತುಂಬಾ ಸಮನಾಗಿ ಹರಡಿಕೊಂಡಿರ್ತವೆ. ಕೊತ್ತಂಬರಿ ಚೂರು ಹೋಗಿ ಸಿಕ್ಕಿಹಾಕ್ಕೊಳ್ಳೋಕೆ ಜಾಗ ಇಲ್ಲ.

ಮೇಪಲ್ ಅಂದ್ರೆ ಒಂದೇ ಮರ ಅಂದ್ಕೋಬೇಡಿ. ಬೋರ್ಡಿಗೆ ಬೇಕಾದ್ದು ಶುಗರ್ ಮೇಪಲ್, ಸಸ್ಯಶಾಸ್ತ್ರದಲ್ಲಿ ಏಸರ್ ಸ್ಯಾಕರಮ್. ಪ್ಯಾನ್‌ಕೇಕ್ ಮೇಲೆ ಸುರಿಯೋ ಸಿರಪ್ ಇದರ ರಸದ್ದೇ. ಇನ್ನೊಂದು ಮರ ಇದೆ, ಸಿಲ್ವರ್ ಮೇಪಲ್, ಏಸರ್ ಸ್ಯಾಕರೈನಮ್. ಹೆಸರಲ್ಲಿ ಎರಡಕ್ಷರ ಹೆಚ್ಚು, ಗಟ್ಟಿತನದಲ್ಲಿ ಅರ್ಧಕ್ಕಿಂತ ಕಡಿಮೆ. ಗಟ್ಟಿತನ ಅಳೆಯೋಕೆ ಜಂಕಾ ಟೆಸ್ಟ್ ಇದೆ: 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನ ಅದರ ಅರ್ಧದವರೆಗೆ ಮರದೊಳಗೆ ಒತ್ತೋಕೆ ಎಷ್ಟು ಬಲ ಬೇಕು ಅಂತ. 11.28 ಅನ್ನೋ ವಿಚಿತ್ರ ಸಂಖ್ಯೆ ಯಾಕೆ ಅಂತ ಕೇಳಿದ್ರೆ ಕ್ಯಾಲ್ಕುಲೇಟರ್ ತಗೊಂಡು ಆ ವೃತ್ತದ ವಿಸ್ತೀರ್ಣ ಹಾಕಿ ನೋಡಿ, ಸರಿಯಾಗಿ 100 ಚದರ ಮಿ.ಮೀ. ಬರುತ್ತೆ. ನಮಗಂತೂ ಇದು ಗೊತ್ತಾದ ದಿನ ಬಹಳ ಖುಷಿ ಆಯ್ತು. ಹಾರ್ಡ್ ಮೇಪಲ್‌ಗೆ 1450 ಪೌಂಡ್ ಬೇಕು, ರೆಡ್ ಮೇಪಲ್‌ಗೆ 950, ಸಿಲ್ವರ್‌ಗೆ 700.

ನಮ್ಮ ಹತ್ತಿರ ಆ ಮಷೀನು ಇಲ್ಲ, ಆದರೆ ಹಾಸ್ಟೆಲ್ ಮೆಸ್ಸಲ್ಲಿ ತಕ್ಕಡಿ ಇದೆ. ನಮ್ಮ ಒಂದು ಪಟ್ಟಿ ಅಂದ್ರೆ 400 ಘನ ಸೆಂ.ಮೀ. ಹಾರ್ಡ್ ಮೇಪಲ್ ಒಣಗಿದ ಮೇಲೆ ಘನ ಮೀಟರಿಗೆ ಸುಮಾರು 700 ಕೆ.ಜಿ. ತೂಗುತ್ತೆ, ಅಂದ್ರೆ ಪಟ್ಟಿ 280 ಗ್ರಾಂ ಆಸುಪಾಸು ಬರಬೇಕು. ಸಿಲ್ವರ್ ಆಗಿದ್ರೆ 210 ಹತ್ತಿರ. ಮಧ್ಯೆ ಎಲ್ಲೋ ನಿಂತ್ರೆ ಅನುಮಾನದ ಗುಂಪಿಗೆ ಹಾಕಿ. ಇದು ಪಕ್ಕಾ ಪರೀಕ್ಷೆ ಅಲ್ಲ, ಮರದಿಂದ ಮರಕ್ಕೆ ವ್ಯತ್ಯಾಸ ಇರುತ್ತೆ, ಆದ್ರೂ ಬಣ್ಣ ನೋಡೋದಕ್ಕಿಂತ ಎಷ್ಟೋ ವಾಸಿ.

ಬಣ್ಣದ ವಿಷಯದಲ್ಲಿ ಒಂದು ತಮಾಷೆ ಇದೆ. ನಮ್ಮ ಕಡೆ ತೇಗದಲ್ಲಿ ಬೆಲೆ ಇರೋದು ಒಳಗಿನ ಕಂದು ಭಾಗಕ್ಕೆ. ಇದಕ್ಕೆ ಚೇಗು ಅಂತಾರೆ, ಇಂಗ್ಲಿಷ್ ಮೀಡಿಯಮ್ಮಿನ ನಮಗೆ ಈ ಪದ ಹೇಳಿಕೊಟ್ಟಿದ್ದು ವರ್ಕ್‌ಶಾಪಿನ ಬಡಗಿ ಮೇಷ್ಟ್ರು. ತೊಗಟೆ ಪಕ್ಕದ ಬಿಳಿ ಭಾಗವನ್ನ ಒಳ್ಳೆ ಬಡಗಿ ಕಡಿದು ಬಿಸಾಕ್ತಾನೆ, ಹುಳ ಬೀಳುತ್ತೆ ಅಂತ. ಮೇಪಲ್‌ನಲ್ಲಿ ಪೂರ್ತಿ ಉಲ್ಟಾ. ಅಲ್ಲಿ ಜನ ಬಯಸೋ ಬಿಳುಪೇ ಈ ಹೊರಭಾಗ, ಕಂದು ಚೇಗಿಗೆ ರೇಟು ಕಡಿಮೆ. ಕಟಿಂಗ್ ಬೋರ್ಡಿಗೆ ಕಂದು ಗೆರೆ ಇದ್ದರೆ ಏನೂ ನಷ್ಟ ಇಲ್ಲ. ಕಟ್ಟಿನಲ್ಲಿ ಎಲ್ಲರೂ ತಳ್ಳಿರೋ ಕಂದು ಪಟ್ಟಿಗಳನ್ನ ನಾವು ಸಂತೋಷವಾಗಿ ತಗೊಂಡಿದ್ದೀವಿ.

ಈಗ ತುದಿಗೆ ಬರೋಣ. ಪಟ್ಟಿಯ ತುದಿಯನ್ನ ಸ್ಯಾಂಡ್‌ಪೇಪರಲ್ಲಿ ನಾಲ್ಕು ಸಲ ಉಜ್ಜಿ, ಒಂದು ಹನಿ ನೀರು ಹಚ್ಚಿ. ಉಂಗುರಗಳ ತುಂಡುಗೆರೆಗಳು ಕಾಣಿಸ್ತವೆ. ಮರ ಉಬ್ಬಿ ಕುಗ್ಗೋದು ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಮೆಟೀರಿಯಲ್ ಸೈನ್ಸಲ್ಲಿ ಅನೈಸೊಟ್ರೋಪಿಕ್ ಅಂತ ಬರೆದು ಎರಡು ಮಾರ್ಕ್ಸ್ ತಗೊಂಡಿದ್ವಲ್ಲ, ಅದೇ ಇದು. ಅಮೆರಿಕದ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿಯ ವುಡ್ ಹ್ಯಾಂಡ್‌ಬುಕ್ ಪ್ರಕಾರ, ಹಸಿ ಶುಗರ್ ಮೇಪಲ್ ಪೂರ್ತಿ ಒಣಗುವಷ್ಟರಲ್ಲಿ ಉಂಗುರಕ್ಕೆ ಅಡ್ಡಲಾಗಿ, ಅಂದ್ರೆ ರೇಡಿಯಲ್ ದಿಕ್ಕಲ್ಲಿ 4.8 ಪರ್ಸೆಂಟ್ ಕುಗ್ಗುತ್ತೆ. ಉಂಗುರದ ಗುಂಟ, ಅಂದ್ರೆ ಟ್ಯಾಂಜೆನ್ಶಿಯಲ್ ದಿಕ್ಕಲ್ಲಿ 9.9 ಪರ್ಸೆಂಟ್. ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚೇ. ಉದ್ದಕ್ಕೆ ಬಹುತೇಕ ಏನೂ ಇಲ್ಲ. ನಮ್ಮ ತೇಗ ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಕುಗ್ಗುತ್ತೆ, ಬಾಗಿಲಿಗೆ ತೇಗ ಅಂತ ಅಜ್ಜಂದಿರು ಸುಮ್ನೆ ಹೇಳಿದ್ದಲ್ಲ. ಮೇಪಲ್ ಗಟ್ಟಿ, ನಿಜ. ಆದರೆ ಜಗಳಗಂಟಿ ಮರ.

ನಮ್ಮ ಬೋರ್ಡಿಗೆ ಇದನ್ನ ಇಳಿಸಿ ನೋಡಿ. 300 ಮಿ.ಮೀ. ಅಗಲದ ಬೋರ್ಡು, ಮಳೆಗಾಲದಿಂದ ಬೇಸಿಗೆಗೆ ಮರದ ತೇವಾಂಶ 4 ಪರ್ಸೆಂಟ್ ಇಳೀತು ಅಂದ್ಕೊಳ್ಳಿ. ಪಟ್ಟಿಗಳನ್ನೆಲ್ಲ ಉಂಗುರ ಮಲಗಿದ ಹಾಗೆ ಅಂಟಿಸಿದ್ರೆ ಬೋರ್ಡಿನ ಅಗಲ ಸುಮಾರು 4.2 ಮಿ.ಮೀ. ಕಮ್ಮಿ ಆಗುತ್ತೆ. ಉಂಗುರ ನಿಂತ ಹಾಗೆ ಅಂಟಿಸಿದ್ರೆ 2 ಮಿ.ಮೀ. ಅದೇ ಮರ, ಅದೇ ಗೋಂದು, ಅದೇ ದುಡ್ಡು. ಪಟ್ಟಿಯನ್ನ 90 ಡಿಗ್ರಿ ತಿರುಗಿಸಿದ್ದು ಬಿಟ್ರೆ ಬೇರೆ ಏನೂ ಮಾಡಿಲ್ಲ.

ಅಮೆರಿಕದಲ್ಲಿ ಮನೆಯಲ್ಲೇ ಬೋರ್ಡ್ ಮಾಡೋರು ಇದನ್ನೇ ಉಪಾಯವಾಗಿ ಬಳಸ್ತಾರೆ. ಸಾ ಮಿಲ್ಲಿನಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗೋದು ಉಂಗುರ ಮಲಗಿರುವ ಸಾದಾ ಹಲಗೆ. ಉಂಗುರ ನಿಂತಿರೋ ಹಲಗೆ, ಅಂದ್ರೆ ಕ್ವಾರ್ಟರ್‌ಸಾನ್, ದುಬಾರಿ. ಅಗ್ಗದ ಹಲಗೆ ತಂದು, 40 ಮಿ.ಮೀ. ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯನ್ನೂ ಪಕ್ಕಕ್ಕೆ ಮಗುಚಿ ನಿಲ್ಲಿಸಿದ್ರೆ ಮಲಗಿದ್ದ ಉಂಗುರ ನಿಂತ್ಕೊಳ್ಳುತ್ತೆ. ಹನ್ನೆರಡು ಪಟ್ಟಿ ಇಟ್ರೆ 300 ಮಿ.ಮೀ. ಅಗಲ, 40 ಮಿ.ಮೀ. ದಪ್ಪದ ಬೋರ್ಡು. ಎಡ್ಜ್ ಗ್ರೇನ್ ಬೋರ್ಡ್ ಅಂತ ಅಂಗಡಿಯಲ್ಲಿ ಬೆಲೆ ಹಾಕಿ ಮಾರೋದು ಇದನ್ನೇ.

ನಮ್ಮ ಕಟ್ಟಿನ ಕಷ್ಟ ಏನಪ್ಪಾ ಅಂದ್ರೆ ಅದು ಉಳಿಕೆ ಮಾಲು. ಒಂದು ಪಟ್ಟಿಯಲ್ಲಿ ಉಂಗುರ ಮಲಗಿದೆ, ಪಕ್ಕದ್ದರಲ್ಲಿ ನಿಂತಿದೆ. ಮುಖ ನೋಡಿ ಆರಿಸಿದವರ ರಾಶಿಯಲ್ಲಿ ಎರಡೂ ಬೆರೆತಿವೆ. ಹೀಗೆ ಬೆರೆಸಿ ಅಂಟಿಸಿದ್ರೆ ಒಂದು ಪಟ್ಟಿ ಎತ್ತರದಲ್ಲಿ ಜಾಸ್ತಿ ಕುಗ್ಗುತ್ತೆ, ಪಕ್ಕದ್ದು ಕಮ್ಮಿ. 40 ಮಿ.ಮೀ. ದಪ್ಪಕ್ಕೆ, ಅದೇ 4 ಪರ್ಸೆಂಟ್ ಬದಲಾವಣೆಗೆ, ವ್ಯತ್ಯಾಸ 0.3 ಮಿ.ಮೀ. ಕೇಳೋಕೆ ಏನೂ ಅಲ್ಲ. ಬೆರಳು ಆಡಿಸಿ ನೋಡಿ, ಮೆಟ್ಟಿಲು ಸಿಗುತ್ತೆ. ಚಾಕು ಕೂಡ ಅದನ್ನ ಗುರುತು ಹಿಡಿಯುತ್ತೆ. ಉಂಗುರ ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗಿರೋ ಪಟ್ಟಿ ಇನ್ನೂ ತರಲೆ, ಒಣಗ್ತಾ ಒಣಗ್ತಾ ಚೌಕ ಹೋಗಿ ವಜ್ರಾಕಾರ ಆಗುತ್ತೆ. ಅದನ್ನ ಸ್ಪೂನ್ ಮಾಡೋಕೆ ಇಟ್ಕೊಳ್ಳಿ. ತುದಿಯಲ್ಲಿ ಕಾಂಡದ ನಟ್ಟನಡುವಿನ ಬೆಂಡು, ಆ ಚುಕ್ಕೆ, ಕಂಡ್ರೆ ಯೋಚನೇನೇ ಬೇಡ, ಆಚೆ ಇಡಿ. ಅಲ್ಲಿಂದಲೇ ಬಿರುಕು ಶುರು ಆಗೋದು.

ತುದಿ ಪಾಸಾದ ಮೇಲೆ ಉದ್ದದ ಪರೀಕ್ಷೆ. ಎಳೆ ಪಟ್ಟಿಯ ಉದ್ದಕ್ಕೂ ನೇರ ಓಡಿದೆಯೋ, ಇಲ್ಲಾ ಪಕ್ಕದಿಂದ ಹೊರಗೆ ಜಾರಿದೆಯೋ? ಓಕ್‌ನಲ್ಲಾದ್ರೆ ಕಣ್ಣಿಗೆ ಕಾಣುತ್ತೆ, ಮೇಪಲ್‌ನಲ್ಲಿ ರಂಧ್ರ ಸಣ್ಣ ಆಗಿರೋದ್ರಿಂದ ಕಾಣಲ್ಲ. ಅಂದ್ರೆ ಯಾವ ಗುಣಕ್ಕೋಸ್ಕರ ಈ ಮರ ತಗೊಂಡ್ವೋ ಅದೇ ಗುಣ ಅದರ ದೋಷವನ್ನೂ ಮುಚ್ಚಿಡುತ್ತೆ. ಇದಕ್ಕೆ ಪರಿಹಾರ ಬೇಸ್‌ಬಾಲ್‌ನವರ ಹತ್ತಿರ ಇದೆ. 2001ರಲ್ಲಿ ಬ್ಯಾರಿ ಬಾಂಡ್ಸ್ ಮೇಪಲ್ ಬ್ಯಾಟಲ್ಲಿ ಒಂದೇ ಸೀಸನ್‌ಗೆ 73 ಹೋಮ್‌ರನ್ ಹೊಡೆದ ಮೇಲೆ ಎಲ್ಲರೂ ಮೇಪಲ್ ಹಿಂದೆ ಬಿದ್ರು. ಬ್ಯಾಟುಗಳು ಮೈದಾನದಲ್ಲಿ ಈಟಿಯ ಹಾಗೆ ಚೂರಾಗಿ ಹಾರೋಕೆ ಶುರು ಆದವು. 2008ರಲ್ಲಿ ಲೀಗ್‌ನವರು ಆ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬಿನವರನ್ನೇ ಕರೆಸಿ ಮುರಿದ ಬ್ಯಾಟುಗಳನ್ನ ಪರೀಕ್ಷೆ ಮಾಡಿಸಿದ್ರು. ಮುಖ್ಯ ಕಾರಣ ಎಳೆಯ ಓರೆ ಅಂತ ಗೊತ್ತಾಯ್ತು. ಅಲ್ಲಿಂದ ಮುಂದೆ ಮೇಪಲ್ ಬ್ಯಾಟಿನ ಹಿಡಿಯ ಮೇಲೆ ಒಂದು ಹನಿ ಇಂಕ್ ಇಡೋದು ನಿಯಮ ಆಯ್ತು. ಇಂಕ್ ಎಳೆಯ ಗುಂಟ ಸೂಜಿಯ ಹಾಗೆ ಹರಡುತ್ತೆ. ಆ ಗೆರೆ ಬ್ಯಾಟಿನ ಉದ್ದಕ್ಕೆ 3 ಡಿಗ್ರಿಗಿಂತ ಹೆಚ್ಚು ಓರೆ ಇದ್ರೆ ಬ್ಯಾಟು ರಿಜೆಕ್ಟ್.

ನಮಗೂ ಅಷ್ಟೇ ಸಾಕು. ಫೌಂಟನ್ ಪೆನ್ನಿನ ಒಂದು ಚುಕ್ಕೆ, ಪ್ಲೇನರ್‌ಗೆ ಕೊಡೋ ಮುಂಚೆ ಇಟ್ರೆ ಆಮೇಲೆ ಹೆರೆದು ಹೋಗುತ್ತೆ. ಬೋರ್ಡು ಯಾರ ತಲೆಗೂ ಹಾರಲ್ಲ, ನಿಜ. ಆದರೆ ಓರೆ ಎಳೆ ಇರೋ ಕಡೆ ಪ್ಲೇನರ್ ಬ್ಲೇಡು ಎಳೆಯನ್ನ ಕೀಳುತ್ತೆ, ಮೈ ಗುಳಿ ಗುಳಿ ಆಗುತ್ತೆ. ಎಲ್ಲರೂ ಕಿತ್ತಾಡ್ತಾ ಇರೋ ಆ ಅಲೆ ಅಲೆ ಡಿಸೈನ್, ಕರ್ಲಿ ಮೇಪಲ್ ಅಂತಾರಲ್ಲ, ಅದು ಎಳೆ ಮೇಲೆ ಕೆಳಗೆ ತೂಗಾಡಿರೋದ್ರಿಂದಲೇ ಬರೋದು. ಗಿಟಾರಿಗೆ ಚೆಂದ. ವಾರಕ್ಕೆ ಐದು ದಿನ ಈರುಳ್ಳಿ ಹೆಚ್ಚುವ ಹಲಗೆಯಲ್ಲಿ ಆರು ತಿಂಗಳಲ್ಲಿ ಆ ಡಿಸೈನ್ ಯಾರಿಗೆ ಕಾಣುತ್ತೆ? ಇನ್ನು ಕಪ್ಪು ಗೆರೆಗಳ ಮ್ಯಾಪ್ ಇರೋ ಸ್ಪಾಲ್ಟೆಡ್ ಪಟ್ಟಿ ಎರಡು ಇವೆ. ಅದು ಬೂಷ್ಟು ಮರವನ್ನ ತಿಂದ ಗುರುತು, ಅಲ್ಲಲ್ಲಿ ಮೆತ್ತಗಾಗಿರುತ್ತೆ. ಅದನ್ನ ಫೋಟೋ ಫ್ರೇಮ್ ಮಾಡಿ, ಆಹಾರಕ್ಕೆ ಬೇಡ.

ಗ್ರೇಡ್ ಬಗ್ಗೆ ಒಂದು ಮಾತು, ಯಾಕಂದ್ರೆ ನಮ್ಮವರಲ್ಲಿ ಮಿಶಿಗನ್ನಲ್ಲೋ ಟೊರೊಂಟೊದಲ್ಲೋ ಅಕ್ಕ ಭಾವ ಇರೋರು ಕೇಳ್ತಾ ಇರ್ತಾರೆ. ಅಲ್ಲಿ ಹಲಗೆಗಳಿಗೆ ಗ್ರೇಡ್ ಕೊಡೋದು ಎಷ್ಟು ಭಾಗ ಗಂಟು, ಬಿರುಕು ಇಲ್ಲದೆ ಸಿಗುತ್ತೆ ಅನ್ನೋದರ ಮೇಲೆ. ಮೇಲಿನ ಗ್ರೇಡು ಎಫ್‌ಎಎಸ್, ಹನ್ನೆರಡರಲ್ಲಿ ಹತ್ತು ಪಾಲು ಶುದ್ಧ ಇರಬೇಕು. ನಂಬರ್ ಒನ್ ಕಾಮನ್‌ಗೆ ಎಂಟು ಪಾಲು ಸಾಕು. ದೊಡ್ಡ ಡೈನಿಂಗ್ ಟೇಬಲ್ಲಿಗೆ ಮೇಲಿನ ಗ್ರೇಡ್ ಬೇಕು. 40 ಮಿ.ಮೀ. ಪಟ್ಟಿ ಸೀಳೋರಿಗೆ ಅದು ದಂಡ, ಗಂಟನ್ನ ಬಿಟ್ಟು ಸೀಳಿದ್ರೆ ಮುಗೀತು.

ತೇವಾಂಶದ ವಿಷಯ ಮಾತ್ರ ಬಿಡೋ ಹಾಗಿಲ್ಲ, ಯಾಕಂದ್ರೆ ಇಲ್ಲಿ ಅಮೆರಿಕದ ಲೆಕ್ಕ ನಡೆಯಲ್ಲ. ಅಲ್ಲಿ ಗೂಡಿನಲ್ಲಿ 6ರಿಂದ 8 ಪರ್ಸೆಂಟಿಗೆ ಒಣಗಿಸ್ತಾರೆ, ಹೀಟರ್ ಹಾಕಿದ ಮನೆಗಳಿಗೆ ಸರಿ. ಗಾಳಿಯ ತೇವಾಂಶ 80 ಪರ್ಸೆಂಟ್ ಇದ್ದಾಗ ಮರ ನಿಧಾನಕ್ಕೆ ಹೀರಿ ಹೀರಿ 16ರ ಹತ್ತಿರ ಹೋಗಿ ನಿಲ್ಲುತ್ತೆ. 50 ಇದ್ರೆ 9, 30 ಇದ್ರೆ 6. ಮಂಗಳೂರಿನ ಜುಲೈ ಎಲ್ಲಿ, ಬಳ್ಳಾರಿಯ ಮಾರ್ಚ್ ಎಲ್ಲಿ. ನಮ್ಮ ಪಟ್ಟಿಗಳು ಸೆಪ್ಟೆಂಬರಿನ ಮಳೆಯಲ್ಲಿ ಶೆಡ್ಡಿನ ಮೂಲೆಯಲ್ಲಿ ಇದ್ದವು. ಅದಕ್ಕೇ ನಾಳೆಯೇ ಅಂಟಿಸೋಣ ಅನ್ನೋ ಆತುರಕ್ಕೆ ನಾವು ಬೇಡ ಅಂತಿರೋದು. ಫ್ಯಾನ್ ಇರೋ ರೂಮಲ್ಲಿ, ಮಧ್ಯೆ ಮಧ್ಯೆ ಕಡ್ಡಿ ಕೊಟ್ಟು ಗಾಳಿ ಆಡೋ ಹಾಗೆ ಜೋಡಿಸಿ. ಮೂರು ದಿನಕ್ಕೊಮ್ಮೆ ಅದೇ ಮೆಸ್ ತಕ್ಕಡಿಯಲ್ಲಿ ತೂಗಿ, ಪಟ್ಟಿಯ ಮೇಲೆ ಪೆನ್ಸಿಲಲ್ಲಿ ಬರೀರಿ. ತೂಕ ಇಳಿಯೋದು ನಿಂತಾಗ ಅಂಟಿಸಿ. ಸ್ಟಾಲ್‌ಗೆ ಹದಿನೈದರ ಬದಲು ಆರೇ ಬೋರ್ಡ್ ರೆಡಿ ಆದ್ರೂ ಪರವಾಗಿಲ್ಲ, ಆರನ್ನೇ ಮಾರೋಣ. ಈ ಮಾತಿಗೆ ಟ್ರೆಷರರ್ ಮುಖ ಸಪ್ಪೆ ಆಗಿದೆ, ಗೊತ್ತು.

ಗೋಂದು ನೀರು ತಡೆಯುವ ಜಾತಿಯದ್ದೇ ಇರಲಿ, ಆಹಾರದ ಹತ್ತಿರ ಬಳಸಬಹುದು ಅಂತ ಡಬ್ಬಿಯ ಮೇಲೆ ಬರೆದಿದೆಯಾ ನೋಡಿ. ಎಣ್ಣೆ ಮಿನರಲ್ ಆಯಿಲ್. ಕಡಲೆಕಾಯಿ ಎಣ್ಣೆ ಹಚ್ಚಿದ್ರೆ ಎರಡು ತಿಂಗಳಲ್ಲಿ ಮುಗ್ಗಲು ವಾಸನೆ.

ಇನ್ನು ಆ "ಅಥವಾ". ಕಟ್ಟು ಮುಗಿದ ಮೇಲೆ ಇನ್ನಷ್ಟು ಮೇಪಲ್ ತರಿಸೋಣ ಅಂತ ಸಂಘದಲ್ಲಿ ಮಾತು ನಡೀತಾ ಇದೆ. ಹಡಗಿನಲ್ಲಿ ಬರೋ ಮರಕ್ಕೆ ನಮ್ಮ ಫಂಡ್ ಸುರಿಯೋದು ನಮಗೆ ಸರಿ ಕಾಣಲ್ಲ. ಸಿಕ್ಕಿದ ಉಳಿಕೆಯನ್ನ ಬಳಸೋಣ, ಹೊಸದು ತರಿಸೋದು ಬೇಡ. ನಮ್ಮ ಅಡುಗೆಮನೆಯಲ್ಲಿ ಹಲಗೆ ಮೇಲೆ ಹೆಚ್ಚುವ ಪದ್ಧತಿಯೇ ಹೊಸದು. ಈಳಿಗೆ ಮಣೆಯಲ್ಲಿ ಕತ್ತಿ ಅಲ್ಲಾಡಲ್ಲ, ತರಕಾರಿ ಅಲ್ಲಾಡುತ್ತೆ, ಮರಕ್ಕೆ ಏಟೇ ಬೀಳಲ್ಲ. ಹಾಗಾಗಿ ಮಣೆ ಹಲಸಿನದ್ದೋ ಇನ್ನೊಂದರದ್ದೋ, ನಡೀತಿತ್ತು. ನಿಂತುಕೊಂಡು ಹೆಚ್ಚುವ ಕಟ್ಟೆ ಬಂದ ಮೇಲೆ ಮರಕ್ಕೆ ಏಟು ಬೀಳೋಕೆ ಶುರು ಆಯ್ತು. ಆದರೆ ದಿನಾ ಏಟು ತಿನ್ನುವ ಮರ ಯಾವುದು ಅಂತ ಒಬ್ಬರಿಗೆ ಮೊದಲಿಂದಲೂ ಗೊತ್ತು. ಮಟನ್ ಅಂಗಡಿಗೆ ಹೋಗಿ ಕೊರಡು ನೋಡಿ, ಹುಣಸೆ. ತುದಿ ಮೇಲಾಗಿ ನಿಲ್ಲಿಸಿರ್ತಾರೆ, ಅಮೆರಿಕದವರು ಎಂಡ್ ಗ್ರೇನ್ ಅಂತ ಹೊಗಳೋದೂ ಅದನ್ನೇ.

ತೇಗ ಯಾಕಾಗಬಾರದು ಅಂತ ಕೇಳ್ತಾರೆ. ಆಗುತ್ತೆ, ಅಲ್ಲಾಡದ ಮರ. ಆದರೆ ಅದರಲ್ಲಿ ಸಿಲಿಕಾ ಇದೆ, ಚಾಕು ಬೇಗ ಮೊಂಡಾಗುತ್ತೆ, ಎಣ್ಣೆಯಂಶ ಇರೋದ್ರಿಂದ ಅಂಟಿಸೋ ಮುಂಚೆ ಹೊಸದಾಗಿ ಹೆರೆಯಬೇಕು. ಸುಳ್ಯ, ಪುತ್ತೂರು ಕಡೆ ಹಾಲು ಮುಗಿದ ರಬ್ಬರ್ ಮರ ಕಡಿದು ಮಾರ್ತಾರೆ. ಬಣ್ಣ ತಿಳಿ, ಬೆಲೆ ಕಮ್ಮಿ, ಗಟ್ಟಿತನ ರೆಡ್ ಮೇಪಲ್ ಆಸುಪಾಸು. ಒಂದೇ ಎಚ್ಚರ, ಹುಳ ಬೀಳದ ಹಾಗೆ ಅದಕ್ಕೆ ಬೋರಾನ್ ದ್ರಾವಣ ಕೊಟ್ಟಿರ್ತಾರೆ, ಕೇಳದೆ ತಗೋಬೇಡಿ.

ನಮ್ಮೊಳಗೇ ಇಬ್ಬರು ಹುಣಸೆ ಅಂತಾರೆ, ಇಬ್ಬರು ರಬ್ಬರ್ ಅಂತಾರೆ. ಹುಣಸೆಯವರ ಕಷ್ಟ ಅಂದ್ರೆ ಅದರ ಎಳೆ ಹೆಣೆದುಕೊಂಡಿರುತ್ತೆ, ಪ್ಲೇನರ್‌ಗೆ ಸುಲಭಕ್ಕೆ ಬಗ್ಗಲ್ಲ. ಆದ್ರೂ ಎಂಟು ಹುಣಸೆ ಪಟ್ಟಿ ಸೀಳಿಸಿ ತಂದು, ತುದಿಯಲ್ಲಿ ಉಂಗುರದ ದಿಕ್ಕಿಗೆ ಸೀಮೆಸುಣ್ಣದ ಗೆರೆ ಹಾಕಿ, ಮೇಪಲ್ ಪಕ್ಕದ ಶೆಲ್ಫಲ್ಲಿ ಇಟ್ಟಿದ್ದೀವಿ. ಮೇಪಲ್ ಪಟ್ಟಿಗಳ ತೂಕ ಈ ವಾರ ನಿಂತಿದೆ. ಹುಣಸೆಯದ್ದು ಇನ್ನೂ ಮೂರು ದಿನಕ್ಕೆ ನಾಲ್ಕು ಗ್ರಾಂ ಇಳೀತಾ ಇದೆ.